ಖಾಲಿ ಇದ್ದವರನ್ನು ಎಣಿಸುತ್ತಿದ್ದ ಸರ್ವೆ ಅಕ್ಕ

ಕೊಡೆ ಇತ್ತು, ಆದರೆ ಅದರ ನೆರಳು ಅವರ ತಲೆಯ ಮೇಲೆ ಬೀಳುತ್ತಿರಲಿಲ್ಲ. ಕೊಡೆಯ ಕೋಲನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿಸಿ, ಎದೆಗೆ ಒತ್ತಿ ಹಿಡಿದ ಟ್ಯಾಬಿಗೆ ನೆರಳು ಮಾಡುತ್ತಿದ್ದರು. ನಮ್ಮ ಕಡೆಯ ಬಿಸಿಲಿನಲ್ಲಿ ಅದರ ಗಾಜಿನ ಮೇಲಿನ ಅಕ್ಷರ ಕಾಣುವುದಿಲ್ಲ. ಹೀಗಾಗಿ ಸರಕಾರದ ಯಂತ್ರ ತಂಪಾಗಿರುತ್ತಿತ್ತು, ಅದನ್ನು ಹಿಡಿದವರ ನೆತ್ತಿ ಕಾಯುತ್ತಿತ್ತು. ಅವರ ಬೈತಲೆಯ ಗೆರೆ ಸಹ ಸುಟ್ಟು ಕಪ್ಪಾಗಿತ್ತು.

ಆವತ್ತು ಮುಂಜಾನೆ ಹಾಗೆಯೇ ಕೊಡೆ ಬಾಗಿಸಿಕೊಂಡು ಅವರು ಸಾಲಗುಂದದ ನನ್ನ ಅಣ್ಣನ ಮನೆಯ ಮುಂದೆ ಬಂದು ನಿಂತಾಗ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಗುರುಗುಂಟಾದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಿದ್ದರು. ಹುಡುಗಿಯ ಅಪ್ಪ ಗೋಡೆಗೆ ಒರಗಿ ಕುಳಿತಿದ್ದರು, ಪಕ್ಕದಲ್ಲಿ ಹುಡುಗಿಯ ಸೋದರಮಾವ. ಎದುರಿಗೆ ಅಣ್ಣ, ಹಣೆತುಂಬ ವಿಭೂತಿ, ಮೈಮೇಲೆ ಇಸ್ತ್ರಿಯ ಗೆರೆ ಮುರಿಯದ ಅಂಗಿ. ಅಣ್ಣನ ಮಗ, ಎಂದರೆ ನನ್ನ ಸೋದರಳಿಯ, ಕಂಬ ಹಿಡಿದು ನಿಂತಿದ್ದ. ಒಳಗೆ ಅತ್ತಿಗೆ ಮಿರ್ಚಿ ಕರಿಯುತ್ತಿದ್ದಳು. ನಾನು ಸಿಂಧನೂರಿನಿಂದ ಮೊದಲ ಬಸ್ಸಿಗೆ ಬಂದವಳು, ಒಳಗೂ ಇಲ್ಲದೆ ಹೊರಗೂ ಇಲ್ಲದೆ ಹೊಸ್ತಿಲಲ್ಲಿ ನಿಂತಿದ್ದೆ.

ಮನೆ ನೋಡುವುದೆಂದರೆ ನಮ್ಮ ಕಡೆ ಗೋಡೆ, ಮಾಳಿಗೆ ನೋಡುವುದಷ್ಟೇ ಅಲ್ಲ. ದನ ನೋಡುತ್ತಾರೆ, ಮೇವಿನ ಬಣವೆ ನೋಡುತ್ತಾರೆ, ನೆರೆಯವರ ಮುಖ ನೋಡುತ್ತಾರೆ. ಕೊನೆಗೆ ಮೆಲ್ಲಗೆ ಒಂದು ಮಾತು ಕೇಳುತ್ತಾರೆ: ಹುಡುಗ ಏನು ಮಾಡುತ್ತಾನೆ? ಅಲ್ಲಿಯವರೆಗೆ ಬಂದ ಸಂಬಂಧಗಳೆಲ್ಲ ಆ ಒಂದು ಮಾತಿಗೆ ತಿರುಗಿ ಹೋಗಿದ್ದವು. ಡಿಗ್ರಿ ಮುಗಿಸಿದ ಹುಡುಗ, ಗುಣದಲ್ಲಿ ಬಂಗಾರ, ಆದರೆ ಕೆಲಸವಿಲ್ಲ. ಇದೂ ತಪ್ಪಿದರೆ ಮುಂದೆ ಯಾರೂ ಈ ಬಾಗಿಲಿಗೆ ಬರುವುದಿಲ್ಲ ಎಂದು ಅತ್ತಿಗೆ ಹಿಂದಿನ ದಿನ ಫೋನಿನಲ್ಲಿ ಅತ್ತಿದ್ದಳು.

ಅಂಥ ಹೊತ್ತಿಗೆ ಬಂದು ನಿಂತವರು ನಮ್ಮ ಸರ್ವೆ ಅಕ್ಕ. ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಮನೆಮನೆಗೆ ಹೋಗಿ ಕೇಳುವುದೇ ಅವರ ಕೆಲಸ!

‘ನಮ್ಮ’ ಎಂದೆನಲ್ಲ, ಅದಕ್ಕೆ ಕಾರಣವಿದೆ. ಅವರ ಊರು ಮುದಗಲ್. ಕೋಟೆಯ ಒಳಗಿನ ಮನೆಯಲ್ಲಿ ಮುದಿ ತಾಯಿಯನ್ನು ಬಿಟ್ಟು, ಗುತ್ತಿಗೆಯ ಮೇಲೆ ಈ ಕೆಲಸ ಹಿಡಿದಿದ್ದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಅವರದೇ ತಿರುಗಾಟ. ಈ ಕಡೆ ಕೆಲಸ ಬಿದ್ದಾಗ ಉಳಿಯಲೆಂದು ಸಿಂಧನೂರಿನ ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದರು. ಸಂಜೆ ಬಂದು ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ಕೂತು, ಚಹಾವನ್ನು ಬಸಿಗೆ ಸುರಿದು ಊದಿ ಊದಿ ಕುಡಿಯುತ್ತಿದ್ದರು. ಮಾತಿಗೆ ನಾನು ಕಾದಿರುತ್ತಿದ್ದೆ. ಮಾತೆಂದರೆ ನನಗೆ ಮೊದಲಿನಿಂದಲೂ ಹಸಿವು. ನಮ್ಮ ಅಜ್ಜಿ ಬತ್ತಿ ಹೊಸೆಯುತ್ತ ಹೇಳುತ್ತಿದ್ದ ಮಾತು ಕೇಳಿ ಬೆಳೆದವಳು ನಾನು.

ಒಮ್ಮೆ ಕೇಳಿದ್ದೆ, “ಅಲ್ರೀ ಅಕ್ಕಾರ, ಜೋಳ ಇದ್ರ ಸೇರಿಲೆ ಅಳೀಬಹುದು, ಹೊಲ ಇದ್ರ ಸರಪಳಿ ಹಿಡೀಬಹುದು. ಇಲ್ಲದ ಕೆಲಸ ಹ್ಯಾಂಗ ಅಳೀತೀರಿ?”

ಅವರು ಬಸಿ ಕೆಳಗಿಟ್ಟು ನಕ್ಕರು. “ಅದ ನೋಡ್ರಿ ದೊಡ್ಡವ್ವಾರ, ನನಗೂ ಸೋಜಿಗ. ಕೆಲಸ ಐತೇನ್ರಿ ಅಂತ ನೇರ ಕೇಳಿದ್ರ ಯಾರೂ ಖರೇ ಹೇಳಂಗಿಲ್ಲ. ಗಂಡಸ್ರು ಇಲ್ಲದ್ದನ್ನ ಐತಿ ಅಂತಾರ, ಹೆಣಮಕ್ಕಳು ಇದ್ದದ್ದನ್ನ ಇಲ್ಲ ಅಂತಾರ. ಅದಕ್ಕ ನಾ ನಿನ್ನಿ ಹೊತ್ತು ಹುಟ್ಟಿದಾಗಿಂದ ಏನೇನು ಮಾಡಿದ್ರಿ ಹೇಳ್ರಿ ಅಂತೀನಿ.”

ಅವರ ಅಳತೆಯೊಳಗಿನ ವಿಚಿತ್ರಗಳು ಒಂದೊಂದಾಗಿ ನನಗೆ ತಿಳಿದದ್ದು ಆ ಬಾಗಿಲಲ್ಲೇ. ವಾರದಲ್ಲಿ ಒಂದು ತಾಸು ದುಡಿದರೂ ಅವರ ಲೆಕ್ಕದಲ್ಲಿ ಆತ ದುಡಿಯುವವನು. ಮನೆಯ ದನಕರುಗಳ ಹೈನಕ್ಕೆ ಕೂಲಿಯಿಲ್ಲದೆ ನೆರವಾದರೂ ದುಡಿಯುವವನೇ. ಕೆಲಸವಿಲ್ಲದೆ, ಹುಡುಕುತ್ತಲೂ ಇದ್ದರೆ ಮಾತ್ರ ನಿರುದ್ಯೋಗಿ. ಹುಡುಕುವುದನ್ನೇ ಬಿಟ್ಟು ಕಟ್ಟೆಗೆ ಕೂತರೆ ಆತ ಎರಡರಲ್ಲೂ ಇಲ್ಲ. “ಹಂಗಾದ್ರ ಬ್ಯಾಸತ್ತು ಸುಮ್ಮ ಕುಂತಾವ ಎಲ್ಲಿ ಹೋದ?” ಎಂದು ನಾನು ಕೇಳಿದರೆ, “ಅದ ನನಗೂ ತಿಳೀವಲ್ದು, ಮ್ಯಾಲಿನವ್ರನ್ನ ಕೇಳಬೇಕು” ಎಂದು ಅವರೂ ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಮಾತ್ರ ಅವರು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹೊಸ್ತಿಲ ಮೇಲೆ ನಿಂತು ‘ಇಲ್ಲ’ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ, ಸುಳ್ಳು ಲೆಕ್ಕ ಬರುತ್ತದೆ ಎನ್ನುತ್ತಿದ್ದರು. ಎಣಿಕೆಗೆ ಹೋದ ಮನೆಯಲ್ಲಿ ನೀರು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಕಟ್ಟೆಯ ಮೇಲಿನವನೊಬ್ಬ, “ಹರಟಿ ಹೊಡಿಯೋದು ಕೆಲಸ ಅಲ್ಲೇನ್ರೀ?” ಎಂದು ಕೆಣಕಿದನಂತೆ. “ಅದಕ್ಕ ಕೂಲಿ ಕೊಡೋರು ಎಲ್ಲಿದ್ದಾರ ಹೇಳ್ರಿ, ನಾನೂ ನಾಳಿಂದ ಬರ್ತೀನಿ” ಎಂದು ಇವರು. ಅದೇ ಹಳ್ಳಿಯ ಹೆಂಗಸರು ಕೆರೆಯ ಹೂಳು ತೆಗೆಯುವ ಉದ್ಯೋಗ ಖಾತ್ರಿ ಕೆಲಸ ನಿಂತು ಬಹಳ ದಿನವಾಯಿತು ಎಂದಾಗ, ಯಾರಾದರೂ ಪಂಚಾಯಿತಿಗೆ ಹೋಗಿ ಕೇಳಿದಿರಾ ಎಂದು ವಿಚಾರಿಸಿದರಂತೆ. ಯಾರೂ ಕೇಳಿರಲಿಲ್ಲ. ಕೇಳಿದರೆ ಹಸಿದವರೆಂದು ಊರು ಆಡಿಕೊಳ್ಳುತ್ತದೆ ಎಂಬ ನಾಚಿಕೆ. “ನೀವು ಕೇಳ್ಲಿಲ್ಲಂದ್ರ ಈ ಊರಾಗ ಎಲ್ಲಾರೂ ಕೆಲಸದಾಗ ಅದಾರ ಅಂತ ತಿಳೀತಾರ” ಎಂದು ಹೇಳಿ ಬಂದಿದ್ದರು. ಮರುವಾರ ಆ ಹೆಂಗಸರು ಗುಂಪು ಕಟ್ಟಿಕೊಂಡು ಪಂಚಾಯಿತಿಗೆ ಹೋದ ಸುದ್ದಿ ಕೇಳಿ, ಎರಡು ಬಸಿ ಚಹಾ ಹೆಚ್ಚಿಗೆ ಕುಡಿದರು.

ಇರಲಿ, ಸಾಲಗುಂದದ ಕಟ್ಟೆಗೆ ಬರುತ್ತೇನೆ.

“ಶರಣ್ರೀ. ಸರ್ವೆಕ ಬಂದೀನ್ರಿ, ಈ ಸಲದ ಪಟ್ಟ್ಯಾಗ ನಿಮ್ಮ ಮನಿ ಬಂದೈತಿ. ಬೀಗರು ಬಂದಂಗೈತಿ, ನಾ ಆಮ್ಯಾಲೆ ಬರ್ತೀನ್ರಿ” ಎಂದು ಅವರು ತಿರುಗಿಯೇಬಿಟ್ಟಿದ್ದರು. ನನ್ನನ್ನು ಕಂಡು ಒಂದು ಕ್ಷಣ ಕಣ್ಣರಳಿಸಿದರು. ಇದು ನನ್ನ ಅಣ್ಣನ ಮನೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಕಣ್ಣಿನಲ್ಲಿಯೇ ‘ಹೋಗ್ರಿ, ಹೋಗ್ರಿ’ ಎಂದೆ.

ಆದರೆ ಬೀಗರಾಗುವವರ ಎದುರಿಗೆ ಸರಕಾರದವರು ಮನೆಗೆ ಬಂದದ್ದು ಅಣ್ಣನಿಗೆ ಹಬ್ಬವಾಗಿತ್ತು. “ಬರ್ರಿ ಬರ್ರಿ, ಕುಂದರ್ರಿ. ನಮ್ಮ ಮನ್ಯಾಗ ಮುಚ್ಚಿಡೋದು ಏನೈತಿ? ಇವ್ರ ಮುಂದನ ಕೇಳ್ರಿ.”

“ಮಂದಿ ಮುಂದ ಕೇಳೋದು ಬರೋಬ್ಬರಿ ಅಲ್ರೀ ಯಜಮಾನ್ರ. ನೀವು ಹೇಳಿದ್ದು ನಿಮ್ಮ ನನ್ನ ನಡುವ ಇರಬೇಕಾದ್ದು.”

“ಮಂದಿ ಯಾರದಾರ್ರಿ ಇಲ್ಲಿ? ಎಲ್ಲಾರೂ ನಮ್ಮವ್ರ.”

ಹುಡುಗಿಯ ಸೋದರಮಾವ ತಂಬಾಕು ತಿಕ್ಕುತ್ತ ನಕ್ಕ. “ಕೇಳ್ರೀ ಅಕ್ಕಾರ, ಕೇಳ್ರಿ. ನಮಗೂ ಕೇಳೋ ತ್ರಾಸು ತಪ್ಪತೈತಿ.”

ಅಕ್ಕ ಕಟ್ಟೆಯ ಅಂಚಿಗೆ ಕೂತರು. ಮನೆಯಲ್ಲಿ ಎಷ್ಟು ಜನ, ಓದು ಎಷ್ಟು ಎಂಬುದೆಲ್ಲ ಆಯಿತು. ದುಡಿಯುವವರು ಯಾರ‍್ಯಾರು ಎಂದಾಗ ಅಣ್ಣ ಎದೆ ಮುಂದೆ ಮಾಡಿದ. “ಕಾಯಕ ಇಲ್ಲದವ್ರು ನಮ್ಮ ಮನ್ಯಾಗ ಯಾರೂ ಇಲ್ರಿ. ಕಾಯಕ ಬಿಟ್ಟು ಲಿಂಗಾ ಮುಟ್ಟಂಗಿಲ್ಲ ನಾವು. ನಂದು ಒಕ್ಕಲುತನ. ಹೈನ ಎಲ್ಲಾ ಮಗನ ಕೈಯಾಗ.”

“ತಮ್ಮಾ, ನಿಮ್ಮದು ನೀವ ಹೇಳ್ರಿ. ಹ್ವಾದ ವಾರ ಏನೇನು ಮಾಡಿದ್ರಿ?”

ಹುಡುಗ ಕಂಬ ಬಿಟ್ಟ. “ಖಾಲಿ ಅದೀನ್ರೀ ಅಕ್ಕಾರ.”

ಒಳಗೆ ಎಣ್ಣೆ ಚಟಪಟ ಎನ್ನುವುದು ಹೊರಗೆ ಕೇಳಿಸಿತು.

“ಲೇ!” ಅಣ್ಣ ಗದರಿದ. “ಡೇರಿಗೆ ಹಾಲು ಯಾರಲೇ ಹಾಕೋರು?”

“ನಾನ ಹಾಕ್ತೀನಿ. ಎಮ್ಮಿ ಅವ್ವ ಕರೀತಾಳ, ಮೇವು ಅವ್ವ ತರ್ತಾಳ, ಸಗಣಿ ಅವ್ವ ಬಳೀತಾಳ. ನಾ ಕ್ಯಾನ್ ಗಾಡಿಗೆ ಕಟ್ಕೊಂಡು ಹೋಗಿ ಹಾಕಿ ಬರ್ತೀನಿ. ಅದೂ ಒಂದು ಕೆಲಸ ಏನ್ರೀ?”

“ಉಳಿದ ಹೊತ್ತು ಏನು ಮಾಡ್ತೀರಿ?” ಅಕ್ಕನ ದನಿಯಲ್ಲಿ ಗದರಿಕೆಯಿರಲಿಲ್ಲ, ಮರುಕವೂ ಇರಲಿಲ್ಲ. ತಿಳಿಯಬೇಕೆಂಬ ಆಸೆ ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ನನ್ನ ಉಪ್ಪಿನಕಾಯಿಯ ಬಗೆಗೆ ಕೇಳುವಾಗಲೂ ಅದೇ ದನಿ.

“ಹುಡುಕ್ತೀನ್ರಿ” ಎಂದ ಹುಡುಗ. ಅಷ್ಟು ಹೇಳಿದ್ದೇ ತಡ, ಕೆರೆಯ ಕಟ್ಟೆ ಒಡೆದಂತಾಯಿತು. “ಲಿಂಗಸುಗೂರಿನ ಉದ್ಯೋಗ ಮೇಳಕ್ಕ ಹೋಗಿದ್ದೆ. ದಿನಾ ಪೂರ್ತಿ ಪಾಳಿ ನಿಂತೆ, ಬಯೋಡೇಟಾ ಇಸ್ಕೊಂಡು ಒಂದು ಪೆನ್ನು ಕೊಟ್ಟು ಕಳಿಸಿದ್ರು. ಸಿಂಧನೂರಿನ ರೈಸ್ ಮಿಲ್ಲಿನಾಗ ಕೇಳಿದೆ, ಡಿಗ್ರಿ ಆದವ್ರು ಬಾಳ ದಿನ ನಿಲ್ಲಂಗಿಲ್ಲ ಅಂದ್ರು. ಡಿಗ್ರಿ ಬೇಕನ್ನೋ ಕಡೆ ಮೊದಲ ಎಲ್ಲಿ ಮಾಡಿದ್ದಿ ಅಂತಾರ. ಎಲ್ಲೂ ಮಾಡಿಲ್ಲಂತನ ಇಲ್ಲಿ ಬಂದೀನ್ರಿ ಅಂದೆ, ನಕ್ಕರು. ಮಸ್ಕ್ಯಾಗ ಗೊಬ್ಬರದಂಗಡ್ಯಾಗ ಕೇಳಿದೆ, ಅವ್ರ ತಮ್ಮನ ಖಾಲಿ ಅದಾನಂತ. ಇದನ್ನೆಲ್ಲ ಅಪ್ಪನ ಮುಂದ ಹೇಳಿದ್ದಿಲ್ಲ.”

ಹುಡುಗಿಯ ಅಪ್ಪ ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ಕೂತರು. ಅಕ್ಕ ಟ್ಯಾಬಿನ ಮೇಲೆ ಏನನ್ನೋ ಒತ್ತಿದರು. ಹುಡುಗ ಬಾಗಿ ನೋಡಿದ.

“ಏನಂತ ಬರ್ಕೊಂಡ್ರಿ?”

“ಮನಿ ಹೈನಕ್ಕ ನೆರವಾಗೋರು ಅಂತ.”

“ಅಂದ್ರ?”

“ಅಂದ್ರ ಕೆಲಸದಾಗ ಇರೋರು.”

ಹುಡುಗ ಟ್ಯಾಬಿಗೆ ಕೈ ಅಡ್ಡ ಹಿಡಿದ. “ಹಂಗ ಬರೀಬ್ಯಾಡ್ರೀ ಅಕ್ಕಾರ. ಖಾಲಿ ಅಂತ ಬರ್ಕೊಳ್ರಿ. ನಾ ತಿರಿಗಿದ್ದು ಮತ್ತೆಲ್ಲಿ ಹೋತು?”

“ನನ್ನ ಮನಸಿಗೆ ಬಂದಂಗ ಬರಿಯಾಕ ಬರಂಗಿಲ್ಲಪಾ. ನಿಮ್ಮ ತಿರಿಗಾಟಕ್ಕ ಬ್ಯಾರೆ ಪ್ರಶ್ನಿ ಐತಿ. ಇನ್ನೂ ಕೆಲಸ ಬೇಕೇನು, ಹುಡುಕಾಕತ್ತೀರೇನು ಅಂತ. ಹೌದು ಅಂತ ಒತ್ತೀನಿ ನೋಡ್ರಿ.”

ಅಷ್ಟರಲ್ಲಿ ಅತ್ತಿಗೆ ಮಿರ್ಚಿಯ ತಾಟು ಹಿಡಿದು ಹೊರಗೆ ಬಂದಳು. ಹೊರಗಿನ ಮಾತು ಆಕೆಯ ಕಿವಿಗೆ ಬಿದ್ದಿರಲಿಲ್ಲ. ಅಕ್ಕ ಕೇಳಿದರು, “ಯವ್ವಾ, ನೀವೇನು ಕೆಲಸ ಮಾಡ್ತೀರಿ?”

“ನಾನಾ? ನಾ ಏನ್ ಮಾಡ್ಲೆವ್ವಾ, ಮನ್ಯಾಗ ಖಾಲಿ ಇರ್ತೀನಿ.”

ಸೋದರಮಾವ ಬಾಯಿಯಲ್ಲಿದ್ದ ತಂಬಾಕಿನ ಸಮೇತ ನಗಲು ಹೋಗಿ ಕೆಮ್ಮಿದ. ಅಣ್ಣ ಮಾತ್ರ ನಗಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ತೊಡೆ ತಟ್ಟಿ ಹುಡುಗಿಯ ಅಪ್ಪನ ಕಡೆ ತಿರುಗಿದ. “ಕೇಳಿದ್ರೇನ್ರಿ? ಇಂವೊಬ್ಬ ಹುಚ್ಚ ಖಾಲಿ ಅಂತಾನ, ಖುದ್ದು ಸರ್ಕಾರ ಹೇಳಾಕತ್ತೈತಿ ನನ್ನ ಮಗ ಕೆಲಸದಾಗ ಅದಾನಂತ!”

ಹುಡುಗಿಯ ಅಪ್ಪ ಕುರಿ ಸಾಕಿದ ಮನುಷ್ಯ, ಮಾತು ಕಡಿಮೆ. ಅಣ್ಣನಿಗೆ ಉತ್ತರ ಕೊಡದೆ ಅಕ್ಕನನ್ನು ಕೇಳಿದರು. “ಹೌದೇನವ್ವಾ? ಮಗಳ ಬಾಳೇವು, ಅದಕ್ಕ ಕೇಳ್ತೀನಿ. ಈ ಹುಡುಗಗ ಕೆಲಸ ಐತೋ ಇಲ್ಲೋ, ನೀ ಒಂದು ಮಾತು ಹೇಳಿಬಿಡು.”

ನಾನು ಹೊಸ್ತಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದೆ. ‘ಹೌದು’ ಎಂದರೆ ಸಾಕಿತ್ತು. ಅವರ ಲೆಕ್ಕದಲ್ಲಿ ಅದು ಸುಳ್ಳೂ ಆಗಿರಲಿಲ್ಲ.

ಅಕ್ಕ ಟ್ಯಾಬು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. “ಹಿರ‍್ಯಾರ, ಇದು ದೇಶದ ಲೆಕ್ಕಕ್ಕ ಮಾಡಿದ ಅಳತಿ, ಹೆಣ್ಣು ಕೊಡಾಕ ಮಾಡಿದ್ದಲ್ಲ. ನನ್ನ ಮಾತಿನ ಮ್ಯಾಲೆ ಮಗಳನ್ನ ಕೊಡಬ್ಯಾಡ್ರಿ, ನನ್ನ ಮಾತಿನ ಮ್ಯಾಲೆ ಬಿಡಲೂ ಬ್ಯಾಡ್ರಿ. ಹುಡುಗ ಇಲ್ಲೇ ನಿಂತಾನ, ಅವ ಹೇಳಿದ್ದು ನೀವೂ ಕೇಳೀರಿ.”

ನೀರು ಕುಡಿದು, ಕೊಡೆ ಬಿಚ್ಚಿಕೊಂಡು ಮುಂದಿನ ಮನೆಗೆ ನಡೆದರು. ಬಂದವರು ಮಿರ್ಚಿ ತಿಂದು, ದನ ನೋಡಿ, “ತಿಳಿಸ್ತೀವ್ರಿ” ಎಂದು ಎದ್ದರು. ಆ ‘ತಿಳಿಸ್ತೀವಿ’ ಎಂಥದೆಂದು ನಮಗೆಲ್ಲ ಗೊತ್ತಿತ್ತು.

ಅವರ ಗಾಡಿ ತಿರುವು ದಾಟಿದ ಮೇಲೆ ಅಣ್ಣನ ಸಿಟ್ಟೆಲ್ಲ ನನ್ನ ಮೇಲೆ. ಅಕ್ಕ ನಮ್ಮ ಬಾಡಿಗೆಯವರೆಂದು ಅಷ್ಟರಲ್ಲಿ ನಾನೇ ಬಾಯಿಬಿಟ್ಟಿದ್ದೆ. “ಬಾಡಗಿದಾಕಿನ ಕಳಿಸಿ ನನ್ನ ಮಗನ ಮದಿವಿ ಕೆಡಿಸಿದೆಲ್ಲಬೇ ತಂಗೀ! ಆಕಿನ್ನ ಮನಿ ಬಿಡಿಸೋ ತನಕ ಈ ಹೊಸ್ತಿಲಾ ತುಳೀಬ್ಯಾಡ.”

ಸಂಜೆ ಸಿಂಧನೂರಿಗೆ ಬಂದು ಚಹಾ ಕೊಡುವಾಗ ನಾನೂ ಸ್ವಲ್ಪ ಬಿರುಸಾಗಿಯೇ ಕೇಳಿದೆ. “ಹೌದು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ರೀ?”

ಅವರು ಬಸಿ ಕೆಳಗಿಟ್ಟರು. “ಹೌದು ಅನ್ನೋದು ಸುಳ್ಳಲ್ಲರೀ ದೊಡ್ಡವ್ವಾರ. ಆದ್ರ ಆ ಹುಡುಗಿ ಕೇಳೋ ಪ್ರಶ್ನಿಗೆ ಅದು ಉತ್ತರ ಅಲ್ಲ. ಆಕಿ ಏನು ಕೇಳ್ತಾಳ ಅಂತ ನನಗ ತಿಳಕೊಳ್ಳಬೇಕಾಗೈತಿ ನೋಡ್ರಿ.” ಆಮೇಲೆ ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಲಿಂಗಸುಗೂರಿನಲ್ಲಿ ಹೊಲದ ಯಂತ್ರಗಳ ರಿಪೇರಿ ಕಲಿಸುವ ಸರಕಾರಿ ತರಬೇತಿ ಶುರುವಾಗುತ್ತದಂತೆ, ನಿಮ್ಮ ಅಳಿಯ ಹೋಗಿ ಕೇಳಲಿ. “ಕೆಲಸ ಸಿಕ್ಕ ಸಿಗತೈತಿ ಅಂತ ನಾ ಹೇಳಂಗಿಲ್ಲ ಮತ್ತ. ಕೇಳಲಿ ಅಷ್ಟ.”

ಅವರನ್ನು ನಾನು ಮನೆ ಬಿಡಿಸಲಿಲ್ಲ. ಅಣ್ಣನ ಹೊಸ್ತಿಲನ್ನೂ ತುಳಿಯಲಿಲ್ಲ.

ಹುಡುಗಿ ಏನು ಕೇಳಿದಳೆಂಬುದು ಕೆಲವು ದಿನಗಳ ಮೇಲೆ ತಿಳಿಯಿತು. ಗುರುಗುಂಟಾಕ್ಕೆ ಹೋಗಿ ಅಪ್ಪ, ಸೋದರಮಾವ ಇಬ್ಬರೂ ಕಟ್ಟೆಯ ಮೇಲೆ ನಡೆದದ್ದನ್ನೆಲ್ಲ ನಗುತ್ತ ಹೇಳಿದ್ದರಂತೆ. ಆಕೆ ನಗಲಿಲ್ಲವಂತೆ. ಅಪ್ಪನ ಫೋನಿನಿಂದಲೇ ನೇರ ನನ್ನ ಅಳಿಯನಿಗೆ ಫೋನು ಮಾಡಿದಳು. “ನಿಮಗ ಕೆಲಸ ಇಲ್ಲಂತ ಗೊತ್ತಾತು, ಅದಿರಲಿ. ಎಮ್ಮಿ ನಿಮ್ಮ ಅವ್ವಾರ ಕರೀತಾರಂತಲ್ಲ. ನಾ ಬಂದ ಮ್ಯಾಲೆ ನಾ ಕರೀಬೇಕೇನು? ಕರ್ದು ಕರ್ದು, ಕೇಳಿದವ್ರ ಮುಂದ ಖಾಲಿ ಅದೀನಿ ಅಂತ ಹೇಳಬೇಕೇನು?”

ನಮ್ಮ ಹುಡುಗ, “ನಾಳೆ ಹೇಳ್ತೀನ್ರಿ” ಎಂದು ಇಟ್ಟುಬಿಟ್ಟ. ಮರುದಿನ ನಸುಕಿನಲ್ಲಿ ಚೊಂಬು ಹಿಡಿದು ಎಮ್ಮೆಯ ಬುಡಕ್ಕೆ ಕೂತವನನ್ನು ಕಂಡು ಅತ್ತಿಗೆ ದೆವ್ವ ಕಂಡವಳಂತೆ ಕೂಗಿದಳಂತೆ. ಎಮ್ಮೆಗೂ ಅದು ಹಿಡಿಸಲಿಲ್ಲ, ಚೊಂಬು ಒಂದು ಕಡೆ, ಇವನು ಒಂದು ಕಡೆ. ಅದನ್ನೇ ಫೋನು ಮಾಡಿ ಹೇಳಿದ. ಆವಾಗ ಆಕೆ ನಕ್ಕಳು. ಆಮೇಲೆ ಇಬ್ಬರ ನಡುವೆ ಏನೇನು ಮಾತಾಯಿತೋ ನನಗೆ ತಿಳಿಯದು. ತಿಳಿಯುವ ಆಸೆಯಂತೂ ಬಹಳ ಇತ್ತು. ಎಮ್ಮೆ ಪಳಗುವ ಹೊತ್ತಿಗೆ ಗುರುಗುಂಟಾದಿಂದ ‘ಆಗಲಿ’ ಎಂಬ ಮಾತು ಬಂತು.

ತರಬೇತಿ ಮುಗಿಸಿ ಅಳಿಯ ಈಗ ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಷಿನ್ನುಗಳ ರಿಪೇರಿ ಮಾಡುತ್ತಾನೆ. ಸುಗ್ಗಿಯಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಸುಗ್ಗಿ ಮುಗಿದರೆ ಮತ್ತೆ ಅರ್ಧ ಖಾಲಿ. ಮದುವೆಗೆ ಅಣ್ಣ ನನ್ನನ್ನು ಕರೆದ, ಅಕ್ಕನನ್ನು ಕರೆಯಲಿಲ್ಲ. ನಾನು ಗೋಧಿ ಹುಗ್ಗಿಯನ್ನು ಡಬ್ಬಿಗೆ ತುಂಬಿಕೊಂಡು ಹೋಗಿ ಅವರ ಕೋಣೆಗೆ ಕೊಟ್ಟೆ. ಹುಗ್ಗಿ ತಿನ್ನುತ್ತ ಅವರು ಕೇಳಿ ತಿಳಿದುಕೊಂಡದ್ದೆಲ್ಲ ಮದುಮಗಳ ಬಗೆಗೆ. ಎಮ್ಮೆಯ ಮಾತಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಈ ಪ್ರಶ್ನಿ ನಮ್ಮ ಟ್ಯಾಬಿನಾಗ ಇಲ್ಲ ನೋಡ್ರಿ!”

ಒಮ್ಮೆ ಎಣಿಸಿದ ಮನೆಗೆ ಕೆಲವು ತಿಂಗಳ ಮೇಲೆ ಮತ್ತೆ ಹೋಗಿ, ಏನು ಬದಲಾಯಿತೆಂದು ಕೇಳುವ ಪದ್ಧತಿಯಿದೆ. ಅಕ್ಕ ಎರಡನೆಯ ಸಲ ಸಾಲಗುಂದಕ್ಕೆ ಹೋದಾಗ ಕೊಡೆ ಕಂಡದ್ದೇ ತಡ, ಅಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದನಂತೆ. ಉತ್ತರವನ್ನೆಲ್ಲ ಸೊಸೆಯೇ ಹೇಳಿದಳು.

ಮುಂದಿನ ಸಲ ಬಂದವನು ಬೇರೆ ಹುಡುಗ. ಆವತ್ತು ನಾನೂ ಅಲ್ಲಿದ್ದೆ. ಮೊದಲು ಬರುತ್ತಿದ್ದ ಅಕ್ಕಾರು ಎಲ್ಲಿ ಎಂದು ಸೊಸೆ ಕೇಳಿದಳು. ಕಾಮಾಲೆಯಾಗಿತ್ತು, ಊರಿಗೆ ಹೋಗಿದ್ದರು, ನಿನ್ನೆ ತೀರಿಕೊಂಡರು ಎಂದು ಆತ ತಲೆತಗ್ಗಿಸಿ ಹೇಳಿದ. ಮೈಗೆ ಆರಾಮಿಲ್ಲ, ಎರಡು ದಿನ ಅವ್ವನ ಹತ್ತಿರ ಇದ್ದು ಬರುತ್ತೇನೆಂದು ನಮ್ಮ ಕೋಣೆಗೆ ಬೀಗ ಹಾಕಿ ಹೋಗಿದ್ದವರು.

ಅಣ್ಣ ಎದ್ದ. ಒಳಗೆ ಹೋಗಿ ಬೇರೆ ಅಂಗಿ ತೊಟ್ಟು ಬಂದ. “ಇವತ್ತು ಬ್ಯಾಡ ತಮ್ಮಾ, ನಾಳೆ ಬಾ” ಎಂದು ಆ ಹುಡುಗನಿಗೆ ಹೇಳಿ, ನನ್ನ ಕಡೆ ತಿರುಗಿ, “ಏಳು, ಮುದಗಲ್‌ಗೆ ಹೋಗಿ ಬರಮು” ಎಂದ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಅವರು ತಿರುಗಿದ ದಾರಿಯೇ. ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಅವರ ತಾಯಿ ಕಣ್ಣು ಕಾಣದ ಮುದುಕಿ, ನೀವ್ಯಾರಪ್ಪಾ ಎಂದು ಅಣ್ಣನ ಕೈ ಸವರಿದಳು. “ನಿಮ್ಮ ಮಗಳು ನಮ್ಮ ಮನಿಗೆ ಬಂದಿದ್ರವ್ವಾ” ಎಂದು ಅಣ್ಣ ಬಹಳ ಹೊತ್ತು ಆಕೆಯ ಹತ್ತಿರವೇ ಕೂತ.

ಮರುದಿನ ಆ ಹುಡುಗ ಬಂದ. ಅಣ್ಣನೇ ಕರೆದು ಕಟ್ಟೆಯ ಮೇಲೆ ಎದುರಿಗೆ ಕೂರಿಸಿಕೊಂಡ. ಮನೆಯಲ್ಲಿ ಎಷ್ಟು ಜನ ಎಂಬುದೆಲ್ಲ ಮುಗಿದ ಮೇಲೆ ಆತ, “ಯಜಮಾನ್ರ, ನಿಮ್ಮದು ಒಕ್ಕಲುತನ ಅಂತ ಇಲ್ಲಿ ಐತ್ರಿ, ಹಂಗ ಇರಲೇನು?” ಎಂದು ಕೇಳಿದ.

“ಬ್ಯಾಡಪಾ” ಎಂದ ಅಣ್ಣ. “ಮೊಣಕಾಲು ಹಿಡಕೊಂಡಾವ. ಹೊಲ ಬ್ಯಾರೆಯವ್ರಿಗೆ ಲಾವಣಿಗೆ ಹಾಕಿ ಬಾಳ ದಿನ ಆತು. ನಾ ಖಾಲಿನ ಅದೀನಿ, ಹಂಗ ಬರ್ಕೊ.”

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಅಣ್ಣನ ಬಾಯಿಂದ ಕೇಳಿದ್ದು ಮಾತ್ರ ಅದೇ ಮೊದಲು.

“ಕೆಲಸ ಹುಡುಕಾಕತ್ತೀರೇನ್ರಿ?” ಹುಡುಗ ಮುಂದಿನ ಪ್ರಶ್ನೆ ಓದಿದ.

ಅಣ್ಣ ಮೊಣಕಾಲು ನೀವಿಕೊಂಡ. “ಕುಂತು ಮಾಡೋ ಅಂಥದು ಏನರ ಇದ್ರ ಹೇಳಪಾ” ಎಂದ.